‘ಇರು’ ಎನ್ನುವ ಅಂಗಡಿ

ಕೇಳುವವರು: ಜಪಾನಿನ ಊರುಗಳಲ್ಲಿ ರೈಲು ನಿಲ್ದಾಣದಿಂದ ಹೊರಬಂದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಸಂಜೆಯ ಹೊತ್ತಿಗೆ ಕೆಂಪು ಲಾಂದ್ರ ತೂಗುಬಿಟ್ಟ ಸಣ್ಣ ಅಂಗಡಿಗಳು ಕಾಣುತ್ತವೆ. ಒಳಗಿನಿಂದ ನಗು, ಕೂಗು, ಕೆಂಡದ ಮೇಲೆ ಕೊಬ್ಬು ತೊಟ್ಟಿಕ್ಕಿ ಏಳುವ ಹೊಗೆ. ಇಜಾಕಾಯ ಎನ್ನುವುದು ಇದಕ್ಕೇ. ಕನ್ನಡದಲ್ಲಿ ಇದನ್ನು ಹೋಟೆಲು ಎನ್ನಬೇಕೋ, ಬಾರು ಎನ್ನಬೇಕೋ?

ಬಲ್ಲವರು: ಎರಡೂ ಅರ್ಧರ್ಧ ಸರಿ. ಊಟಕ್ಕೆಂದು ಹೋದವರಿಗೆ ಅದು ಬಾರಿನಂತೆ ಕಾಣುತ್ತದೆ. ಕುಡಿಯಲೆಂದು ಹೋದವರ ಮುಂದೆ ತಟ್ಟೆಯ ಹಿಂದೆ ತಟ್ಟೆ ಬಂದು ಕೂರುತ್ತದೆ. ಹೆಸರನ್ನೇ ಬಿಡಿಸಿ ನೋಡುವುದು ಒಳ್ಳೆಯದು. ‘ಸಾಕೆ’ ಎಂದರೆ ಮದ್ಯ, ‘ಯಾ’ ಎಂದರೆ ಅಂಗಡಿ. ಎರಡೂ ಸೇರಿದರೆ ‘ಸಕಾಯ’, ಅಂದರೆ ಮದ್ಯವನ್ನು ಅಳೆದು ಮಾರುವ ಅಂಗಡಿ. ಕೊಂಡವರು ಅದನ್ನು ಮನೆಗೆ ಒಯ್ಯುತ್ತಿದ್ದರು. ಅದರ ಮುಂದೆ ‘ಇ’ ಎಂಬ ಒಂದಕ್ಷರ ಸೇರಿದಾಗ ಅರ್ಥವೇ ಬದಲಾಯಿತು. ಈ ‘ಇ’ ಬಂದಿರುವುದು ‘ಇರು’ ಎಂಬ ಜಪಾನಿ ಕ್ರಿಯಾಪದದಿಂದ. ಅದರ ಅರ್ಥವೂ ಇರುವುದು, ಒಂದೆಡೆ ಉಳಿಯುವುದು. ಕೊಂಡದ್ದನ್ನು ಅಲ್ಲೇ ಇದ್ದು ಕುಡಿಯುವ ಅಂಗಡಿ ಇಜಾಕಾಯ.

ಕೇಳುವವರು: ಕನ್ನಡದ ‘ಇರು’ ಕೂಡ ಅದೇ ಅಲ್ಲವೆ? ಎರಡು ಭಾಷೆಗಳಿಗೂ ನಂಟಿದೆಯೇ?

ಬಲ್ಲವರು: ಕಿವಿಗೆ ಒಂದೇ, ಬೇರು ಬೇರೆ. ಜಪಾನಿ ಭಾಷೆಗೂ ತಮಿಳಿಗೂ ಸಂಬಂಧವಿದೆ ಎಂದು ಓನೊ ಸುಸುಮು ಎಂಬ ಜಪಾನಿ ವಿದ್ವಾಂಸರು ದಶಕಗಳ ಕಾಲ ವಾದಿಸಿದ್ದರು. ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಈ ಪದದ ಮಟ್ಟಿಗಂತೂ ಹೋಲಿಕೆ ಕಾಕತಾಳೀಯ. ಹಳೆಯ ಜಪಾನಿಯಲ್ಲಿ ಇದರ ಉಚ್ಚಾರ ‘ವಿರು’, ಅರ್ಥ ಕೂರುವುದು. ಮೊದಲಿನ ವಕಾರ ಕಾಲಕ್ರಮದಲ್ಲಿ ಸವೆದುಹೋಯಿತು. ಆದರೂ ಕನ್ನಡಿಗರಿಗೆ ಇಜಾಕಾಯ ಏನೆಂದು ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅದು ಗಿರಾಕಿಗೆ ‘ಸ್ವಲ್ಪ ಹೊತ್ತು ಇರು’ ಎನ್ನುವ ಅಂಗಡಿ. ಅಲ್ಲಿನ ತಟ್ಟೆಯ ಅಳತೆ, ತಿನಿಸು ಬರುವ ಕ್ರಮ, ಕೂರುವ ಜಾಗ, ಬಿಲ್ಲಿನ ಲೆಕ್ಕ ಎಲ್ಲವೂ ಈ ಒಂದು ಮಾತಿನಿಂದ ಹುಟ್ಟಿವೆ.

ಕೇಳುವವರು: ಕೊಂಡುಹೋಗುವ ಅಂಗಡಿ ಕೂತು ಕುಡಿಯುವ ಅಂಗಡಿಯಾದದ್ದು ಯಾವಾಗ?

ಬಲ್ಲವರು: ಎದೊ ಕಾಲದಲ್ಲಿ. ಇಂದಿನ ಟೋಕಿಯೊವಿನ ಅಂದಿನ ಹೆಸರು ಎದೊ. ತೊಕುಗಾವ ದೊರೆಗಳು 1635ರಲ್ಲಿ ಒಂದು ಕಟ್ಟಳೆ ತಂದರು. ಅದರಂತೆ ಪ್ರಾಂತ್ಯದ ಪ್ರಭುಗಳು ಕಾಲಕಾಲಕ್ಕೆ ಎದೊಗೆ ಬಂದು ಇರಬೇಕಿತ್ತು. ಅವರ ಜೊತೆ ಬಂದ ಸೇವಕರು, ಸಮುರಾಯ್‌ಗಳಲ್ಲಿ ಬಹುತೇಕರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. 1657ರಲ್ಲಿ ಭಾರೀ ಬೆಂಕಿ ಬಿದ್ದು ಪಟ್ಟಣದ ಬಹುಭಾಗ ಸುಟ್ಟುಹೋಯಿತು. ಮತ್ತೆ ಕಟ್ಟಲು ಬಡಗಿಗಳು, ಕೂಲಿಯವರು, ಮಣ್ಣು ಹೊರುವವರು ನಾಡಿನ ಮೂಲೆಮೂಲೆಯಿಂದ ಬಂದರು. 1721ರ ಗಣತಿಯಲ್ಲಿ ಎದೊವಿನ ಪಟ್ಟಣಿಗರಲ್ಲಿ ಗಂಡಸರು ಮೂರು ಲಕ್ಷಕ್ಕೂ ಹೆಚ್ಚು, ಹೆಂಗಸರು ಎರಡು ಲಕ್ಷಕ್ಕೂ ಕಡಿಮೆ. ಒಂಟಿ ಗಂಡಸರ ಊರು ಅದು. ಇಕ್ಕಟ್ಟಾದ ಮರದ ವಠಾರದಲ್ಲಿ ಒಲೆ ಹಚ್ಚಿ ಒಬ್ಬರಿಗಾಗಿ ಅಡುಗೆ ಮಾಡುವುದು ಅವರಿಗೆ ಪೂರೈಸದ ಕೆಲಸ. ಹಾಗಾಗಿ ಬೇಯಿಸಿದ ಪಲ್ಯ, ಮೀನು ಮಾರುವ ಬೀದಿಬದಿಯ ಅಂಗಡಿಗಳು ಹೆಚ್ಚಿದವು. ತಿಂಡಿ ಮಾರುವವರು ಕುಡಿಯಲೂ ಕೊಡತೊಡಗಿದರು, ಮದ್ಯ ಮಾರುವವರು ನಂಚಿಕೊಳ್ಳಲೂ ಕೊಡತೊಡಗಿದರು.

ಕೇಳುವವರು: ಹಾಗೆ ಮೊದಲಿಗೆ ಮಾಡಿದವರು ಇಂಥವರೇ ಎಂಬ ದಾಖಲೆ ಇದೆಯೇ?

ಬಲ್ಲವರು: ತೊಷಿಮಾಯ ಎಂಬ ಅಂಗಡಿಯ ಹೆಸರು ಮುಖ್ಯವಾಗಿ ಬರುತ್ತದೆ. 1596ರಲ್ಲಿ ಶುರುವಾದ ಅಂಗಡಿ ಅದು. ಎದೊ ಕೋಟೆಯ ಕೆಲಸಕ್ಕೆ ದೋಣಿಗಳಲ್ಲಿ ಸಾಮಾನು ಇಳಿಯುತ್ತಿದ್ದ ದಕ್ಕೆಯ ಬಳಿ ಇತ್ತು. ಅಗಲವಾದ ತೋಫು ತುಂಡಿಗೆ ಮಿಸೊ ಎಂಬ ಸೋಯಾ ಗೊಜ್ಜು ಸವರಿ, ಕಡ್ಡಿಗೆ ಚುಚ್ಚಿ, ಕೆಂಡದಲ್ಲಿ ಸುಟ್ಟು ಅಗ್ಗಕ್ಕೆ ಕೊಡುತ್ತಿದ್ದರು. ಮದ್ಯವನ್ನು ಕೊಂಡ ಬೆಲೆಗೇ ಮಾರಿ, ಖಾಲಿ ಪೀಪಾಯಿಗಳನ್ನು ಮಾರಿದ ಹಣದಲ್ಲಿ ಲಾಭ ಕಾಣುತ್ತಿದ್ದರೆಂಬುದು ಪ್ರತೀತಿ. ಹೊರೆಯಾಳುಗಳು, ಗಾಡಿ ಹೊಡೆಯುವವರು, ಜೀತದ ಸೇವಕರು ಅಲ್ಲಿ ಮುಗಿಬೀಳುತ್ತಿದ್ದರು. ತೊಷಿಮಾಯ ಹೆಸರಿನ ವ್ಯಾಪಾರ ಇಂದಿಗೂ ನಡೆಯುತ್ತಿದೆ. ಮುಂದೆ 1811ರಲ್ಲಿ ಎದೊವಿನ ತಿನಿಸಿನಂಗಡಿಗಳನ್ನು ಎಣಿಸಿದಾಗ ಇಜಾಕಾಯಗಳೇ 1,808 ಇದ್ದವು. ಸುಮಾರು ಹತ್ತು ಲಕ್ಷ ಜನರ ಪಟ್ಟಣಕ್ಕೆ ಅದು ದೊಡ್ಡ ಸಂಖ್ಯೆಯೇ. ಇಂದಿನ ಚಲನಚಿತ್ರಗಳು ಆ ಕಾಲದ ಇಜಾಕಾಯದಲ್ಲಿ ಮೇಜು, ಕುರ್ಚಿ ತೋರಿಸುವುದುಂಟು. ಅದು ತಪ್ಪು. ಅಗಲವಾದ ಮಣೆಬೆಂಚಿನ ಮೇಲೆ ಕೂತು, ತಟ್ಟೆಯನ್ನೂ ಪಕ್ಕದಲ್ಲೇ ಇಟ್ಟುಕೊಂಡು ಕುಡಿಯುತ್ತಿದ್ದರು.

ಕೇಳುವವರು: ಇಂದಿನ ಇಜಾಕಾಯ ಆ ಪರಂಪರೆಯಿಂದ ನೇರವಾಗಿ ಬಂದದ್ದೇ?

ಬಲ್ಲವರು: ಹೆಸರು, ಸ್ವಭಾವ ಅಲ್ಲಿಂದ ಬಂದವು. ಇಂದಿನ ಸಾಲು ಅಂಗಡಿಗಳ ರೂಪ ಹೆಚ್ಚಾಗಿ ಎರಡನೆಯ ಮಹಾಯುದ್ಧದ ನಂತರದ್ದು. 1945ರಲ್ಲಿ ಬಾಂಬಿನಿಂದ ನೆಲಸಮವಾದ ಊರುಗಳಲ್ಲಿ ರೈಲು ನಿಲ್ದಾಣಗಳ ಸುತ್ತ ಕಾಳಸಂತೆಗಳು ಎದ್ದವು. ಅಕ್ಕಿಯೂ ಮಾಂಸವೂ ಸಿಗದ ದಿನಗಳು. ಪ್ರಾಣಿಯ ಕರುಳು, ಗುಂಡಿಗೆ, ಯಕೃತ್ತು ಮುಂತಾಗಿ ಸಿಕ್ಕಿದ್ದನ್ನು ಕಡ್ಡಿಗೆ ಪೋಣಿಸಿ ಸುಟ್ಟು ಮಾರಿದರು. ಟೋಕಿಯೊವಿನ ಶಿಂಜುಕು ನಿಲ್ದಾಣದ ಪಡುವಣ ಬಾಗಿಲಲ್ಲಿರುವ ಒಮೊಯಿದೆ ಯೊಕೊಚೊ ಎಂಬ ಓಣಿ ಹಾಗೆ ಹುಟ್ಟಿದ್ದು. ‘ನೆನಪುಗಳ ಓಣಿ’ ಎಂದು ಅದರ ಅರ್ಥ. 1999ರಲ್ಲಿ ಬೆಂಕಿ ಬಿದ್ದು ಅದರ ಒಂದು ಭಾಗ ಸುಟ್ಟಿತು, ಅಂಗಡಿಯವರು ಮತ್ತೆ ಕಟ್ಟಿಕೊಂಡರು. ಭುಜಕ್ಕೆ ಭುಜ ತಾಗುವಷ್ಟು ಕಿರಿದಾದ ಆ ಅಂಗಡಿಗಳಲ್ಲಿ ಗಿರಾಕಿ ಒಲೆಯ ಮುಂದೆಯೇ ಕೂತಿರುತ್ತಾನೆ. ಜಾಗವಿಲ್ಲದ ಕಾಲದಲ್ಲಿ ಅನಿವಾರ್ಯವಾಗಿದ್ದ ಆ ಇಕ್ಕಟ್ಟನ್ನೇ ಈಗ ಜನ ಹುಡುಕಿಕೊಂಡು ಬರುತ್ತಾರೆ.

ಕೇಳುವವರು: ಈಗ ಒಳಗೆ ಹೋಗೋಣ. ಹೊರಗೆ ಕೆಂಪು ಲಾಂದ್ರ ಏಕೆ?

ಬಲ್ಲವರು: ಅದು ಇಜಾಕಾಯದ ಗುರುತು. ಎಷ್ಟರಮಟ್ಟಿಗೆಂದರೆ ‘ಕೆಂಪು ಲಾಂದ್ರ’ ಎಂಬರ್ಥದ ‘ಅಕಾಚೊಚಿನ್’ ಎಂಬುದೇ ಅಗ್ಗದ ಇಜಾಕಾಯಕ್ಕೆ ಇನ್ನೊಂದು ಹೆಸರಾಗಿದೆ. ಬಾಗಿಲಿಗೆ ಅಡ್ಡಲಾಗಿ ಎದೆಯ ಮಟ್ಟಕ್ಕೆ ಇಳಿಬಿಟ್ಟ ಸೀಳು ಪರದೆ ‘ನೊರೆನ್’. ಅಂಗಡಿ ತೆರೆದಿದೆ ಎಂಬುದಕ್ಕೆ ನೊರೆನ್ ಹೊರಗೆ ತೂಗುತ್ತಿರುವುದೇ ಸಾಕ್ಷಿ. ತಲೆ ತಗ್ಗಿಸಿ ಅದನ್ನು ಸರಿಸಿ ಒಳಗೆ ಕಾಲಿಡುತ್ತಿದ್ದಂತೆ ಒಲೆಯ ಬಳಿಯಿಂದ, ಕೌಂಟರಿನ ಹಿಂದಿನಿಂದ, ಮೂಲೆಯಿಂದ ಒಟ್ಟಿಗೆ ‘ಇರಾಶ್ಶೈಮಾಸೆ!’ ಎಂಬ ಕೂಗು ಬರುತ್ತದೆ. ಬನ್ನಿ ಎಂದರ್ಥ. ಆ ಪದದ ಮೂಲ ‘ಇರಾಶ್ಶಾರು’. ಬರುವುದು, ಹೋಗುವುದು, ಇರುವುದು ಈ ಮೂರಕ್ಕೂ ಜಪಾನಿಯಲ್ಲಿ ಸಲ್ಲುವ ಒಂದೇ ಗೌರವದ ಕ್ರಿಯಾಪದ ಅದು. ಅದಕ್ಕೆ ಗಿರಾಕಿ ಮರುನುಡಿಯಬೇಕಾಗಿಲ್ಲ. ಎಷ್ಟು ಜನ ಎಂದು ಬೆರಳೆತ್ತಿ ತೋರಿಸಿದರೆ ಸಾಕು.

ಕೇಳುವವರು: ಎಲ್ಲಿ ಕೂರುವುದು ಒಳ್ಳೆಯದು?

ಬಲ್ಲವರು: ಗುಂಪಾಗಿ ಹೋದವರಿಗೆ ಮೇಜು, ಇಲ್ಲವೆ ಚಾಪೆ ಹಾಸಿದ ಜಗಲಿ. ಜಗಲಿ ಹತ್ತುವ ಮುನ್ನ ಚಪ್ಪಲಿ ಬಿಡಬೇಕು. ಒಬ್ಬರೋ ಇಬ್ಬರೋ ಆದರೆ ಕೌಂಟರಿನ ಮುಂದಿನ ಎತ್ತರದ ಪೀಠವೇ ಸರಿ. ಇಜಾಕಾಯದ ಜೀವ ಇರುವುದು ಅಲ್ಲಿ. ಕಣ್ಣೆದುರಿಗೇ ಮೀನು ಕೊಯ್ಯುತ್ತಾರೆ, ಕಡ್ಡಿ ತಿರುಗಿಸುತ್ತಾರೆ. ಅಡುಗೆಯವರನ್ನು ‘ತೈಶೊ’ ಎಂದು ಕರೆಯುವುದು ವಾಡಿಕೆ. ದಳಪತಿ ಎಂಬರ್ಥದ ಪದ ಅದು. ಯಜಮಾನಿ ‘ಒಕಾಮಿ’. ದಿನನಿತ್ಯದ ಗಿರಾಕಿಗಳು ‘ಜೊರೆನ್’. ಅವರು ಕೊಂಡಿಟ್ಟ ಮದ್ಯದ ಬಾಟಲಿಗಳು ಕತ್ತಿಗೆ ಹೆಸರಿನ ಚೀಟಿ ಕಟ್ಟಿಕೊಂಡು ಗೋಡೆಯ ಹಲಗೆಯಲ್ಲಿ ಸಾಲಾಗಿ ನಿಂತಿರುತ್ತವೆ. ಮತ್ತೆ ಬಂದಾಗ ಉಳಿದದ್ದನ್ನು ಕುಡಿಯುತ್ತಾರೆ. ತಾನು ಇಲ್ಲದಾಗಲೂ ತನ್ನ ಹೆಸರು ಅಲ್ಲಿ ಇರುತ್ತದೆ ಎಂಬುದು ಆ ಬೀದಿಯ ಮನುಷ್ಯನಿಗೆ ಸಣ್ಣ ಸಂಗತಿಯಲ್ಲ. ದಿನದ ತಿನಿಸುಗಳ ಹೆಸರನ್ನು ಕಾಗದದ ಉದ್ದ ಪಟ್ಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿರುತ್ತಾರೆ. ಓದಲು ಬಾರದ ಪರಊರಿನವರಿಗೆ ಒಂದೇ ಪದ ಸಾಕು, ‘ಒಸುಸುಮೆ?’ ಎಂದರೆ ಇಂದು ಯಾವುದು ಚೆನ್ನಾಗಿದೆ ಎಂದು ಕೇಳಿದಂತೆ.

ಕೇಳುವವರು: ಕೇಳದೆಯೇ ಒಂದು ಬಟ್ಟಲು ಮುಂದೆ ಬಂದು ಕೂರುತ್ತದಂತೆ, ಅದಕ್ಕೂ ಹಣ ತೆಗೆದುಕೊಳ್ಳುತ್ತಾರಂತೆ. ಇದು ಮೋಸವಲ್ಲವೆ?

ಬಲ್ಲವರು: ಹೊರಗಿನವರು ಮೊದಲು ಮುನಿಸಿಕೊಳ್ಳುವುದೇ ಈ ವಿಷಯಕ್ಕೆ. ಕೂತ ಕೂಡಲೇ ಕೈ ಒರೆಸಲು ಸುತ್ತಿದ ಒದ್ದೆ ಬಟ್ಟೆ ಬರುತ್ತದೆ, ಚಳಿಗಾಲದಲ್ಲಿ ಬಿಸಿ, ಬೇಸಿಗೆಯಲ್ಲಿ ತಣ್ಣಗೆ. ಅದು ‘ಒಶಿಬೊರಿ’. ಅದಕ್ಕೆ ಹಣವಿಲ್ಲ. ಅದರ ಹಿಂದೆಯೇ ಬರುವ ಅಂಗೈಯಗಲದ ಬಟ್ಟಲಿನಲ್ಲಿ ಹುಳಿ ಬೆರೆಸಿದ ಕಡಲಕಳೆಯೋ, ಬೇಯಿಸಿದ ಮೂಲಂಗಿಯೋ, ಒಂದೆರಡು ತುಂಡು ಮೀನೋ ಇರುತ್ತದೆ. ಟೋಕಿಯೊ ಕಡೆ ಅದನ್ನು ‘ಒತೊಶಿ’ ಎನ್ನುತ್ತಾರೆ, ಒಸಾಕ ಕಡೆ ‘ತ್ಸುಕಿದಾಶಿ’. ಸಾಮಾನ್ಯವಾಗಿ ತಲೆಗೆ 300ರಿಂದ 500 ಯೆನ್. ಅದು ಕೂತ ಜಾಗದ ಬಾಡಿಗೆ ಎಂದು ತಿಳಿಯುವುದೇ ಸರಿ. ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿ ಇಲ್ಲ, ಮೇಜಿನ ಮೇಲೆ ಚಿಲ್ಲರೆ ಬಿಟ್ಟುಹೋದರೆ ಮರೆತಿರೆಂದು ಓಡಿಬಂದು ಕೊಡುತ್ತಾರೆ. ಒಂದು ಲೋಟ, ಎರಡು ಕಡ್ಡಿ ಹಿಡಿದು ಎರಡು ಗಂಟೆ ಕೂರುವ ಹಕ್ಕನ್ನು ಆ ಬಟ್ಟಲು ಕೊಡುತ್ತದೆ. ಅಡುಗೆಯವರ ಕೈಗುಣವೂ ಅದರಲ್ಲೇ ತಿಳಿಯುತ್ತದೆ. ಒತೊಶಿ ಚೆನ್ನಾಗಿದ್ದರೆ ಉಳಿದದ್ದೂ ಚೆನ್ನಾಗಿರುತ್ತದೆ ಎಂದು ನಂಬುವವರು ಬಹಳ.

ಕೇಳುವವರು: ಕುಡಿಯುವುದರಲ್ಲಿ ಕ್ರಮ ಹೇಗೆ?

ಬಲ್ಲವರು: ಮೊದಲಿಗೆ ಬಿಯರು. ‘ತೊರಿಯಾಯೆಜು ಬೀರು’ ಎನ್ನುತ್ತಾರೆ, ಸದ್ಯಕ್ಕೆ ಬಿಯರು ಇರಲಿ ಎಂದರ್ಥ. ಎಲ್ಲರದ್ದೂ ಒಟ್ಟಿಗೆ ಬರುತ್ತದೆ, ಕಾಯಬೇಕಿಲ್ಲ, ‘ಕಾಂಪಾಯ್’ ಎಂದು ಲೋಟ ತಾಗಿಸಬಹುದು. ಅದಕ್ಕೆ ಮುಂಚೆ ಯಾರೂ ಗುಟುಕರಿಸುವುದಿಲ್ಲ. ಆಮೇಲೆ ಅವರವರ ರುಚಿ. ಗೆಣಸು, ಬಾರ್ಲಿ, ಅಕ್ಕಿಯಿಂದ ಭಟ್ಟಿ ಇಳಿಸಿದ್ದು ಶೋಚು. ಅದಕ್ಕೆ ಸೋಡಾ, ನಿಂಬೆರಸ ಬೆರೆತರೆ ಲೆಮನ್ ಸವರ್, ಚಹಾ ಬೆರೆತರೆ ಊಲೊಂಗ್ ಹಾಯ್. ಟೋಕಿಯೊವಿನ ಹಳೆಯ ಅಂಗಡಿಗಳಲ್ಲಿ 1948ರಲ್ಲಿ ಬಂದ ‘ಹೊಪ್ಪಿ’ ಇನ್ನೂ ಇದೆ. ಬಿಯರು ದುಬಾರಿಯಾಗಿದ್ದ ದಿನಗಳಲ್ಲಿ, ಬಿಯರಿನ ರುಚಿಯ ಆ ಪಾನೀಯಕ್ಕೆ ಶೋಚು ಬೆರೆಸಿ ಕುಡಿದರು. ಇಂದಿಗೂ ಗಿರಾಕಿಗಳು ‘ನಾಕ’ ಕೊಡಿ ಎಂದರೆ ಶೋಚು ಮಾತ್ರ, ‘ಸೊತೊ’ ಕೊಡಿ ಎಂದರೆ ಹೊಪ್ಪಿ ಮಾತ್ರ. ಒಳಗಿನದು, ಹೊರಗಿನದು ಎಂದು ಆ ಪದಗಳ ಅರ್ಥ.

ಕೇಳುವವರು: ಸಾಕೆಯ ಮಾತೇ ಬರಲಿಲ್ಲ.

ಬಲ್ಲವರು: ಅದಕ್ಕೆ ಬೇರೆಯಾಗಿಯೇ ಜಾಗ ಬೇಕು. ಜಪಾನಿನಲ್ಲಿ ‘ಸಾಕೆ’ ಎಂದರೆ ಯಾವ ಮದ್ಯವೂ ಆಗಬಹುದು. ಅಕ್ಕಿಯ ಮದ್ಯಕ್ಕೆ ಅವರು ಹೇಳುವುದು ‘ನಿಹೊನ್ಶು’. ದ್ರಾಕ್ಷಿಯಲ್ಲಿ ಸಕ್ಕರೆ ಮೊದಲೇ ಇರುತ್ತದೆ, ಅಕ್ಕಿಯಲ್ಲಿ ಇರುವುದು ಪಿಷ್ಟ. ಅದನ್ನು ಮೊದಲು ಸಕ್ಕರೆ ಮಾಡಬೇಕು. ಆ ಕೆಲಸಕ್ಕೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಮೇಲೆ ‘ಕೋಜಿ’ ಎಂಬ ಬೂಷ್ಟನ್ನು ಬೆಳೆಸುತ್ತಾರೆ. ನೀರು, ಅನ್ನ, ಯೀಸ್ಟಿನ ಜೊತೆ ಅದು ಸೇರಿದಾಗ ಒಂದೇ ಪೀಪಾಯಿಯಲ್ಲಿ ಪಿಷ್ಟ ಸಕ್ಕರೆಯಾಗುವುದೂ ಸಕ್ಕರೆ ಮದ್ಯವಾಗುವುದೂ ಜೊತೆಜೊತೆಗೆ ನಡೆಯುತ್ತವೆ. ನೂರಕ್ಕೆ ಸುಮಾರು 15 ಪಾಲು ಮದ್ಯಸಾರದ, ತಿಳಿಯಾದ ಪಾನೀಯ ಸಿದ್ಧವಾಗುತ್ತದೆ. ಮಿಸೊ, ಸೋಯಾ ಸಾಸ್ ಆಗುವುದೂ ಕೋಜಿಯಿಂದಲೇ. ಅಂದರೆ ಲೋಟದಲ್ಲಿರುವುದಕ್ಕೂ ತಟ್ಟೆಯಲ್ಲಿರುವುದಕ್ಕೂ ಒಂದೇ ಬೂಷ್ಟಿನ ಋಣ. ಕೋಜಿಯಿಂದ ಮದ್ಯ ತಯಾರಿಸುವ ಈ ಕೌಶಲವನ್ನು 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜಪಾನಿನ ಅಡುಗೆ ಪದ್ಧತಿ 2013ರಲ್ಲೇ ಸೇರಿತ್ತು.

ಕೇಳುವವರು: ಅದನ್ನು ಬಿಸಿ ಮಾಡಿ ಕುಡಿಯುತ್ತಾರಲ್ಲ?

ಬಲ್ಲವರು: ಬಿಸಿಯಾಗಿಯೂ ತಣ್ಣಗೂ. ಚಳಿಯ ರಾತ್ರಿ ಬಿಸಿನೀರಿನಲ್ಲಿ ಹೂಜಿ ಇಟ್ಟು ಬೆಚ್ಚಗೆ ಮಾಡಿ, ಎರಡು ಗುಟುಕಿನ ಪುಟ್ಟ ಬಟ್ಟಲಿಗೆ ಸುರಿಯುತ್ತಾರೆ. ಅಳತೆ ‘ಗೊ’, ಅಂದರೆ 180 ಮಿಲಿಲೀಟರ್. ಬಟ್ಟಲು ಅಷ್ಟು ಚಿಕ್ಕದಾಗಿರುವುದರಿಂದ ಪದೇಪದೇ ಸುರಿಯಬೇಕಾಗುತ್ತದೆ. ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳದೆ ಪಕ್ಕದವರಿಗೆ ಸುರಿಯುವುದು ರೂಢಿ. ಪಕ್ಕದವರ ಬಟ್ಟಲು ಬರಿದಾಯಿತೇ ಎಂದು ಕಣ್ಣಿಡಬೇಕು. ಮಾತಿಲ್ಲದ ಇಬ್ಬರ ನಡುವೆಯೂ ಅದು ಮಾತಿನ ಕೆಲಸ ಮಾಡುತ್ತದೆ. ಕೆಲವೆಡೆ ಮರದ ಚೌಕ ಅಳತೆಪಾತ್ರೆಯೊಳಗೆ ಗಾಜಿನ ಲೋಟ ಇಟ್ಟು, ಉಕ್ಕಿ ಪಾತ್ರೆಗೆ ಚೆಲ್ಲುವವರೆಗೆ ಸುರಿಯುವುದುಂಟು. ಅಳತೆಗಿಂತ ತುಸು ಹೆಚ್ಚು ಕೊಟ್ಟೆ ಎಂದು ಅಂಗಡಿಯವರು ಕೈಯಿಂದ ಹೇಳುವ ಬಗೆ ಅದು.

ಕೇಳುವವರು: ತಿನಿಸಿನ ಕಡೆಗೆ ಬರೋಣ. ಅನ್ನ ಯಾವಾಗ ಬರುತ್ತದೆ?

ಬಲ್ಲವರು: ಕೊನೆಗೆ, ಅದೂ ಬೇಕೆಂದು ಕೇಳಿದರೆ. ಕನ್ನಡದ ಊಟದಲ್ಲಿ ಅನ್ನವೋ ಮುದ್ದೆಯೋ ನಡುವೆ ಕೂತು ಉಳಿದದ್ದೆಲ್ಲ ಅದರ ಸುತ್ತ ಇರುತ್ತದೆ. ಇಜಾಕಾಯದಲ್ಲಿ ಆ ನಡುವಿನ ಜಾಗ ಮದ್ಯದ್ದು. ಅದೂ ಅಕ್ಕಿಯೇ ಆದ್ದರಿಂದ ಅನ್ನ ಬೇಡ ಎನ್ನುವವರೂ ಇದ್ದಾರೆ. ನಂಚಿಕೊಳ್ಳುವ ತಿನಿಸಿಗೆ ಅವರ ಪದ ‘ಸಕಾನ’. ‘ಸಕಾ’ ಎಂದರೆ ಮದ್ಯ, ‘ನ’ ಎಂದರೆ ಪಲ್ಯ, ವ್ಯಂಜನ. ಕುಡಿತಕ್ಕೆ ಮೀನಿನಷ್ಟು ಒಗ್ಗುವುದು ಬೇರೆ ಇಲ್ಲವೆಂದೋ ಏನೋ, ಕಾಲಾಂತರದಲ್ಲಿ ‘ಸಕಾನ’ ಎಂಬ ಪದವೇ ಮೀನಿಗೆ ನಿಂತುಬಿಟ್ಟಿತು. ಇಂದು ಜಪಾನಿನ ಮಕ್ಕಳು ಮೀನಿಗೆ ಹೇಳುವ ಹೆಸರು ಹುಟ್ಟಿದ್ದು ಮದ್ಯದ ಪಕ್ಕದ ತಟ್ಟೆಯಲ್ಲಿ.

ಕೇಳುವವರು: ಹಾಗಾದರೆ ಮೊದಲು ಬರುವುದು ಏನು?

ಬಲ್ಲವರು: ಬೇಗ ಬರುವಂಥವು. ಸಿಪ್ಪೆಸಮೇತ ಉಪ್ಪುನೀರಿನಲ್ಲಿ ಬೇಯಿಸಿದ ಎಳೆ ಸೋಯಾ ಕಾಯಿ, ಎದಮಾಮೆ. ಬೇಯಿಸಿದ ಕಡಲೆಕಾಯಿಯಂತೆ ಬಿಡಿಸಿ ತಿನ್ನುತ್ತ ಮಾತಾಡಬಹುದು. ತಣ್ಣನೆಯ ತೋಫು, ಉಪ್ಪಿನಲ್ಲಿ ನೆನೆಸಿದ ತರಕಾರಿ. ಆಮೇಲೆ ಹಸಿ ಮೀನಿನ ಸಶಿಮಿ. ನಾಲಿಗೆ ಇನ್ನೂ ಚುರುಕಾಗಿರುವಾಗಲೇ ಸಶಿಮಿ ತಿನ್ನಬೇಕು, ಕರಿದದ್ದು ಖಾರದ್ದು ಆದ ಮೇಲೆ ಅದರ ನವುರು ತಿಳಿಯುವುದಿಲ್ಲ. ಮೀನಿಗೆ ಋತುವಿದೆ. ಕತ್ಸುವೊ ಬೇಸಿಗೆ ಕಾಲಿಡುವ ಮುನ್ನ ಒಮ್ಮೆ ಬರುತ್ತದೆ, ಶರತ್ಕಾಲದಲ್ಲಿ ಕೊಬ್ಬೇರಿಸಿಕೊಂಡು ಇನ್ನೊಮ್ಮೆ. ಚಳಿಗಾಲಕ್ಕೆ ಬುರಿ. ಶರತ್ಕಾಲದ ಸನ್ಮ ಎಂಬ ಮೀನನ್ನು ಇಡಿಯಾಗಿ ಉಪ್ಪು ಹಚ್ಚಿ ಸುಟ್ಟು, ತುರಿದ ಮೂಲಂಗಿಯ ಜೊತೆ ಕೊಡುತ್ತಾರೆ. ನಿರ್ದೇಶಕ ಒಜು ಯಸುಜಿರೊ 1962ರಲ್ಲಿ ಮಾಡಿದ ಕೊನೆಯ ಚಲನಚಿತ್ರದ ಜಪಾನಿ ಹೆಸರಿನ ಅರ್ಥವೇ ‘ಸನ್ಮದ ರುಚಿ’. ಬಡವರ ಮೀನೆನಿಸಿದ್ದ ಸನ್ಮದ ಹಿಡಿತ 2020ರ ಆಸುಪಾಸಿನ ವರ್ಷಗಳಲ್ಲಿ ತೀರ ಕುಸಿಯಿತು, ಬೆಲೆ ಏರಿತು.

ಕೇಳುವವರು: ಕಡ್ಡಿಗೆ ಚುಚ್ಚಿ ಸುಡುವ ಕೋಳಿ?

ಬಲ್ಲವರು: ಯಾಕಿತೊರಿ. ಬೀದಿಯವರೆಗೆ ಬರುವ ಹೊಗೆ ಅದರದೇ. ಕೋಳಿಯ ಯಾವ ಭಾಗವನ್ನೂ ಬಿಡುವುದಿಲ್ಲ. ತೊಡೆ, ಚರ್ಮ, ಯಕೃತ್ತು, ಜಠರ, ಎಲುಬಿನ ಮೆತ್ತನೆಯ ತುದಿ, ಕೊಚ್ಚಿ ಉಂಡೆ ಕಟ್ಟಿದ ಮಾಂಸ, ತೊಡೆಯ ತುಂಡುಗಳ ನಡುವೆ ಈರುಳ್ಳಿ ದಂಟು ಪೋಣಿಸಿದ ‘ನೆಗಿಮ’, ಒಂದೊಂದಕ್ಕೂ ಬೇರೆ ಹೆಸರು, ಬೇರೆ ಬೇಯುವ ಹೊತ್ತು. ರುಚಿಗೆ ಉಪ್ಪು, ಇಲ್ಲವೆ ಸೋಯಾ ಸಾಸಿನ ಸಿಹಿಗೊಜ್ಜಾದ ‘ತಾರೆ’. ಹೇಳುವಾಗಲೇ ಯಾವುದು ಬೇಕೆಂದು ತಿಳಿಸಬೇಕು. ಅರೆಬೆಂದ ಕಡ್ಡಿಯನ್ನು ತಾರೆಯ ಮಡಕೆಯಲ್ಲಿ ಅದ್ದಿ ಮತ್ತೆ ಕೆಂಡಕ್ಕೆ ಹಿಡಿಯುತ್ತಾರೆ. ಮಡಕೆ ಬರಿದಾಗಲು ಬಿಡದೆ ಹೊಸದನ್ನು ಸುರಿಯುತ್ತ ಹೋಗುವುದರಿಂದ ಹಳೆಯ ಅಂಗಡಿಯ ತಾರೆಗೆ ವರ್ಷಗಳ ರುಚಿ ಇಳಿದಿರುತ್ತದೆ. ಒಳ್ಳೆಯ ಅಂಗಡಿಗಳು ಬಳಸುವ ‘ಬಿಂಚೊತಾನ್’ ಇದ್ದಿಲು ವಕಾಯಾಮ ಕಡೆಯ ಉಬಾಮೆ ಎಂಬ ಗಟ್ಟಿ ಓಕ್ ಮರದ್ದು. ಒಂದಕ್ಕೊಂದು ತಾಗಿಸಿದರೆ ಲೋಹದಂತೆ ಟಣ್ ಎನ್ನುತ್ತದೆ. ಜ್ವಾಲೆ ಎಬ್ಬಿಸದೆ ಗಂಟೆಗಟ್ಟಲೆ ಒಂದೇ ಸಮನೆ ಕಾಯುತ್ತದೆ.

ಕೇಳುವವರು: ಮೀನು, ಮಾಂಸ ಮುಟ್ಟದವರು ಅಲ್ಲಿ ಹೊಟ್ಟೆ ತುಂಬಿಸಿಕೊಳ್ಳಲಾಗುತ್ತದೆಯೇ? ಕೆಲಸದ ಮೇಲೆ ಜಪಾನಿಗೆ ಹೋಗುವ ಕನ್ನಡಿಗರಲ್ಲಿ ಅಂಥವರು ಬಹಳ. ಸಹೋದ್ಯೋಗಿಗಳು ಕರೆದರೆ ಹೋಗದಿರಲೂ ಆಗದು.

ಬಲ್ಲವರು: ಆಗುತ್ತದೆ, ಆದರೆ ಕಣ್ಣಿಗೆ ಕಾಣುವುದನ್ನು ನಂಬಬಾರದು. ತೊಡಕು ಇರುವುದು ‘ದಾಶಿ’ಯಲ್ಲಿ. ಬಹುಪಾಲು ಜಪಾನಿ ಅಡುಗೆಗೆ ಅಡಿಪಾಯ ಆ ತಿಳಿಸಾರು. ಕೊಂಬು ಎಂಬ ಕಡಲಕಳೆಯನ್ನೂ, ಕತ್ಸುವೊ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಮರದ ತುಂಡಿನಂತೆ ಒಣಗಿಸಿ ತೆಳ್ಳಗೆ ಹೆರೆದ ಚೂರನ್ನೂ ನೀರಿಗೆ ಹಾಕಿ ತೆಗೆಯುತ್ತಾರೆ. 1908ರಲ್ಲಿ ಇಕೆದಾ ಕಿಕುನಾಯೆ ಎಂಬ ರಸಾಯನ ವಿಜ್ಞಾನಿ ಕೊಂಬುವಿನ ರುಚಿ ಯಾವುದರಿಂದ ಬರುತ್ತದೆಂದು ಹುಡುಕಿ ಗ್ಲುಟಾಮೇಟ್ ಕಂಡುಕೊಂಡರು, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಬೇಯಿಸಿದ ಮೂಲಂಗಿ, ಕರಿದ ತೋಫುವಿನ ಸಾರು, ಮಿಸೊ ಸಾರು, ಸುರುಳಿ ಸುತ್ತಿದ ಮೊಟ್ಟೆ, ಇವೆಲ್ಲದರಲ್ಲೂ ದಾಶಿ, ಅದರಲ್ಲಿ ಮೀನು. ತಣ್ಣನೆಯ ತೋಫುವಿನ ಮೇಲೂ ಮೀನಿನ ಹೆರೆತ ಉದುರಿಸುವುದುಂಟು. ಆಲೂಗಡ್ಡೆ ಸಲಾಡಿನಲ್ಲಿ ಹಂದಿಮಾಂಸದ ಚೂರು ಇರಬಹುದು. ತಾರೆಯ ಮಡಕೆಯಲ್ಲಿ ಕೋಳಿ ಅದ್ದಿರುತ್ತಾರೆ.

ಕೇಳುವವರು: ಮತ್ತೆ ಉಳಿಯುವುದೇನು?

ಬಲ್ಲವರು: ಎದಮಾಮೆ, ಹೆರೆತ ಬೇಡವೆಂದು ಹೇಳಿ ತರಿಸಿದ ತೋಫು, ಸೌತೆ ಅಥವಾ ಮೂಲಂಗಿಯ ಉಪ್ಪಿನಕಾಯಿ, ಉಪ್ಪು ಹಾಕಿ ಸುಟ್ಟ ಅಣಬೆ, ಖಾರವಿಲ್ಲದ ಹಸಿಮೆಣಸು, ಈರುಳ್ಳಿ ದಂಟು, ಗಿಂಕೊ ಬೀಜ, ಕರಿದ ಆಲೂಗಡ್ಡೆ, ಕೊನೆಗೆ ಉಪ್ಪಿನ ಅನ್ನದ ಉಂಡೆ. ‘ನಿಕು ಮೊ ಸಕಾನ ಮೊ ತಾಬೆಮಾಸೆನ್’, ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂಬ ಮಾತನ್ನು ಕಲಿತಿರಬೇಕು, ಜೊತೆಗೆ ದಾಶಿಯನ್ನೂ ಹೆಸರಿಸಬೇಕು. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ದಾಶಿ ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ಅದರಲ್ಲಿ ವಂಚನೆಯಿಲ್ಲ, ನೀರಿನಷ್ಟೇ ಸಹಜವೆಂದು ಅವರು ಬಗೆದಿರುತ್ತಾರೆ. ಬೌದ್ಧ ವಿಹಾರಗಳ ಶೋಜಿನ್ ಅಡುಗೆಯಲ್ಲಿ ಕೊಂಬು, ಒಣ ಅಣಬೆಯ ದಾಶಿಯೇ ಇದೆ, ಆದರೆ ಅದು ಇಜಾಕಾಯದ ಒಲೆಗೆ ಬರುವುದು ಅಪರೂಪ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಗಿ ಬಿಡದಿಯಲ್ಲಿ ಕಾರ್ಖಾನೆ ಬಂದ ಮೇಲೆ ಜಪಾನೀಯರ ಓಡಾಟ ಹೆಚ್ಚಿದ ಬೆಂಗಳೂರಿನ ಜಪಾನಿ ಊಟದ ಮನೆಗಳಲ್ಲಿ ದಾಶಿಯಲ್ಲಿ ಮೀನಿದೆಯೇ ಎಂದು ಕೇಳುವುದು ಸುಲಭ.

ಕೇಳುವವರು: ಕುಡಿಯದವರ ಪಾಡು?

ಬಲ್ಲವರು: ಮೊದಲಿಗಿಂತ ಎಷ್ಟೋ ಮೇಲು. ಊಲೊಂಗ್ ಚಹಾ ಎಲ್ಲೆಡೆ ಸಿಗುತ್ತದೆ, ಮದ್ಯಸಾರವಿಲ್ಲದ ಬಿಯರೂ ಸಿಗುತ್ತದೆ. ಜಪಾನೀಯರಲ್ಲಿ ಬಹಳಷ್ಟು ಜನಕ್ಕೆ ಮದ್ಯವನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಒಂದು ಲೋಟಕ್ಕೇ ಮುಖ ಕೆಂಪೇರಿ ಎದೆ ಹೊಡೆದುಕೊಳ್ಳುತ್ತದೆ. ಅಂಥವರನ್ನೂ ಮೇಲಧಿಕಾರಿ ಎದುರಿಗೆ ಕೂರಿಸಿ ಕುಡಿಸುತ್ತಿದ್ದ ಕಾಲ ಇತ್ತು. ಕಚೇರಿ ಮುಗಿದ ಮೇಲೂ ಬಿಡುಗಡೆಯಿಲ್ಲದ ಆ ಸಂಜೆಗಳು ಎಷ್ಟೋ ಜನರ ಆರೋಗ್ಯವನ್ನೂ ಮನೆಯನ್ನೂ ತಿಂದಿವೆ. ಇಜಾಕಾಯದ ಕಥೆಯಲ್ಲಿ ಅದನ್ನು ಮುಚ್ಚಿಡಬಾರದು. ಬಲವಂತದ ಕುಡಿತಕ್ಕೆ ಈಗ ‘ಅರುಹಾರ’ ಎಂಬ ಹೆಸರೇ ಬಂದಿದೆ, ಮದ್ಯದ ಕಿರುಕುಳ ಎಂದರ್ಥ. ಬೇಡವೆನ್ನುವ ಎಳೆಯರ ದನಿಗೆ ಬೆಲೆ ಸಿಗುತ್ತಿದೆ. 2022ರಲ್ಲಿ ಪ್ರಾಪ್ತ ವಯಸ್ಸು 18ಕ್ಕೆ ಇಳಿದರೂ ಕುಡಿಯುವ ವಯಸ್ಸನ್ನು 20ರಲ್ಲೇ ಉಳಿಸಿದರು. ಕುಡಿದು ಗಾಡಿ ಓಡಿಸಿದರೆ ಓಡಿಸಿದವರಿಗಷ್ಟೇ ಅಲ್ಲ, ಓಡಿಸುತ್ತಾರೆಂದು ತಿಳಿದೂ ಕುಡಿಯಲು ಕೊಟ್ಟವರಿಗೂ ಶಿಕ್ಷೆಯಿದೆ. 2020ರ ಏಪ್ರಿಲ್‌ನಿಂದ ಒಳಗೆ ಸಿಗರೇಟು ಸೇದುವುದಕ್ಕೆ ಕಟ್ಟುಪಾಡು ಬಂತು. ಹಳೆಯ ಸಣ್ಣ ಅಂಗಡಿಗಳಿಗೆ ಮಾತ್ರ ವಿನಾಯಿತಿ.

ಕೇಳುವವರು: ಆ ಸಣ್ಣ ಅಂಗಡಿಗಳು ಉಳಿದಿವೆಯೇ, ಇಲ್ಲ ದೊಡ್ಡ ಕಂಪನಿಗಳ ಶಾಖೆಗಳು ನುಂಗಿವೆಯೇ?

ಬಲ್ಲವರು: ಎರಡೂ ಇವೆ. 1973ರಲ್ಲಿ ಸಪ್ಪೊರೊದಲ್ಲಿ ಎಂಟು ತ್ಸುಬೊ, ಅಂದರೆ ಸುಮಾರು 26 ಚದರ ಮೀಟರಿನ ಜಾಗದಲ್ಲಿ ಶುರುವಾದ ‘ತ್ಸುಬೊಹಾಚಿ’ ಆಮೇಲೆ ದೇಶದುದ್ದಕ್ಕೂ ಶಾಖೆ ತೆರೆಯಿತು. 1980ರ ದಶಕದಲ್ಲಿ ಇಂಥ ಸರಣಿಗಳು ಹಬ್ಬಿದವು. ಚಿತ್ರವಿರುವ ಪಟ್ಟಿ, ಬರೆದಿಟ್ಟ ಬೆಲೆ, ಬೆಳಕಿರುವ ಕೋಣೆ ಬಂದದ್ದರಿಂದ ನಡುವಯಸ್ಸಿನ ಗಂಡಸರ ತಾಣವಾಗಿದ್ದ ಇಜಾಕಾಯಕ್ಕೆ ಹೆಂಗಸರೂ ವಿದ್ಯಾರ್ಥಿಗಳೂ ಧೈರ್ಯವಾಗಿ ಬರತೊಡಗಿದರು. ಅದು ಒಳ್ಳೆಯದೇ ಆಯಿತು. ಆದರೆ ಎರಡು ಗಂಟೆಯ ಗಡುವು, ಬೆರಳೊತ್ತಿ ತಿನಿಸು ತರಿಸುವ ಪರದೆ ಬಂದಲ್ಲಿ ‘ಇರು’ ಎಂಬ ಮಾತು ತೆಳುವಾಗುತ್ತದೆ. 2021ರ ಏಪ್ರಿಲ್‌ನಲ್ಲಿ ಕೋವಿಡ್ ತುರ್ತುಸ್ಥಿತಿಯ ವೇಳೆ ಟೋಕಿಯೊದಲ್ಲಿ ಮದ್ಯ ಕೊಡುವ ಅಂಗಡಿಗಳಿಗೆ ಬಾಗಿಲು ಹಾಕಲು ಹೇಳಿದರು. ಆ ದಿನಗಳಲ್ಲಿ ಮುಚ್ಚಿದ ಎಷ್ಟೋ ಅಂಗಡಿಗಳು ಮತ್ತೆ ತೆರೆಯಲಿಲ್ಲ. ವಯಸ್ಸಾದ ಯಜಮಾನರು, ಮುಂದುವರಿಸುವ ಮಕ್ಕಳಿಲ್ಲ. ಒಂದು ಬೀದಿಯ ಇಜಾಕಾಯ ಮುಚ್ಚಿದರೆ ಆ ಬೀದಿಯಲ್ಲಿ ಒಂಟಿಯಾಗಿ ಬದುಕುವ ಮುದುಕರ ಸಂಜೆಗೆ ಹೋಗಲು ಜಾಗವೇ ಇಲ್ಲವಾಗುತ್ತದೆ.

ಕೇಳುವವರು: ಊಟ ಮುಗಿಯುವುದು ಹೇಗೆ?

ಬಲ್ಲವರು: ‘ಶಿಮೆ’ಯಿಂದ. ಕಟ್ಟಿ ಮುಗಿಸುವುದು ಎಂದರ್ಥ. ಅನ್ನಕ್ಕೆ ಬಿಸಿ ಚಹಾವನ್ನೋ ದಾಶಿಯನ್ನೋ ಸುರಿದ ಒಚಾಜುಕೆ, ಸುಟ್ಟ ಅನ್ನದುಂಡೆ, ಇಲ್ಲವೆ ಒಂದು ಬಟ್ಟಲು ನೂಡಲ್ಸ್. ಕನ್ನಡದ ಊಟ ಮೊಸರನ್ನಕ್ಕೆ ಬಂದಾಗ ಹೊಟ್ಟೆ ತಣ್ಣಗಾಗಿ ಎದ್ದೇಳಲು ಮನಸ್ಸಾಗುವ ಹಾಗೆಯೇ ಇದೂ. ಅಷ್ಟರಲ್ಲಿ ‘ಲಾಸ್ಟ್ ಆರ್ಡರ್’ ಎಂದು ಕೇಳಿಕೊಂಡು ಬರುತ್ತಾರೆ, ಇನ್ನೇನಾದರೂ ಬೇಕಿದ್ದರೆ ಆಗಲೇ ಹೇಳಬೇಕು. ಬಿಲ್ಲಿಗೆ ‘ಒಕಾನ್ಜೊ’ ಎನ್ನಬೇಕು, ಗದ್ದಲದಲ್ಲಿ ಕೇಳಿಸದಿದ್ದರೆ ಎರಡು ತೋರುಬೆರಳನ್ನು ಅಡ್ಡಡ್ಡ ಹಿಡಿದರೆ ತಿಳಿಯುತ್ತದೆ. ಗೆಳೆಯರಾದರೆ ಮೊತ್ತವನ್ನು ತಲೆಗೆ ಸಮನಾಗಿ ಹಂಚಿಕೊಳ್ಳುತ್ತಾರೆ. ಹೊರಡುವಾಗ ಕೌಂಟರಿನ ಕಡೆ ತಿರುಗಿ ‘ಗೊಚಿಸೊಸಾಮ’ ಎನ್ನುತ್ತಾರೆ. ಅದರೊಳಗಿನ ‘ಚಿಸೊ’ ಎಂಬ ಪದಕ್ಕೆ ಅತ್ತಿತ್ತ ಓಡಾಡುವುದು ಎಂಬರ್ಥ. ಊಟ ಒದಗಿಸಲು ಪಟ್ಟ ಓಡಾಟಕ್ಕೆ ಹೇಳುವ ವಂದನೆ ಅದು. ಕೊನೆಯ ಗಿರಾಕಿ ಎದ್ದ ಮೇಲೆ ಯಜಮಾನರು ಹೊರಬಂದು ಲಾಂದ್ರ ಆರಿಸಿ, ನೊರೆನ್ ಕಳಚಿ ಒಳಗೆ ಒಯ್ಯುತ್ತಾರೆ.